8×42 ಕೊಳ್ಳಲೋ, 10×42 ಕೊಳ್ಳಲೋ? ಬೈನಾಕ್ಯುಲರ್ ಆರಿಸುವ ದಾರಿ

ಹಕ್ಕಿ ನೋಡುವ ಹುಚ್ಚು ಹತ್ತಿದವರು, ಮಕ್ಕಳಿಗೆ ಚಂದ್ರನ ಗುಂಡಿಗಳನ್ನು ತೋರಿಸಬೇಕು ಅಂದುಕೊಂಡವರು, ಕಾಡು ಬೆಟ್ಟ ಸುತ್ತುವವರು, ಎಲ್ಲರೂ ಒಂದು ದಿನ ಇದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ಯಾವ ಬೈನಾಕ್ಯುಲರ್ ಕೊಳ್ಳಲಿ? ಈಚೆಗೆ ಮೂವರು ನನ್ನನ್ನು ಕೇಳಿದರು. ಒಬ್ಬರಿಗೆ 8×42 ಮತ್ತು 10×42ರ ನಡುವೆ ತೀರ್ಮಾನವೇ ಆಗುತ್ತಿಲ್ಲ. ಇನ್ನೊಬ್ಬರಿಗೆ ಜೇಬಿಗೆ ಹೋಗುವ ಪುಟ್ಟದೇ ಸಾಕಲ್ವಾ ಎಂಬ ಯೋಚನೆ. ಮೂರನೆಯವರದ್ದು ನೇರ ಪ್ರಶ್ನೆ: ಅಷ್ಟೇ ದುಡ್ಡಿಗೆ 20×50 ಸಿಗುವಾಗ ಬರೀ 8 ಪಟ್ಟಿನದ್ದು ಯಾಕೆ?

ಮೂರನೆಯವರಿಗೆ ಮೊದಲು ಉತ್ತರ ಹೇಳುತ್ತೇನೆ. ಯಾಕೆಂದರೆ ನಾನು ಕೊಂಡ ಮೊದಲ ಬೈನಾಕ್ಯುಲರ್ 20×50. ಒಂದು ಬೆಳಿಗ್ಗೆ ನೀರಿನ ಪಕ್ಕದ ಕೊಂಬೆಯ ಮೇಲೆ ಮಿಂಚುಳ್ಳಿ ಕೂತಿತ್ತು. ಬರಿಗಣ್ಣಿಗೆ ನೀಲಿ ಚುಕ್ಕೆಯಾಗಿ ಚೆನ್ನಾಗಿಯೇ ಕಾಣುತ್ತಿತ್ತು. ಬೈನಾಕ್ಯುಲರ್ ಎತ್ತಿದೆ. ಎಲೆ ಕಂಡಿತು, ಆಕಾಶ ಕಂಡಿತು, ಹಕ್ಕಿ ಮಾತ್ರ ಸಿಗಲಿಲ್ಲ. ಕೊನೆಗೆ ಸಿಕ್ಕಾಗ ಇಡೀ ಚಿತ್ರ ಕುಣಿಯುತ್ತಿತ್ತು. ಕೊಕ್ಕಿನ ಬಣ್ಣ ಏನು ಅಂತ ಹೇಳಲೂ ಆಗಲಿಲ್ಲ. ಬೈನಾಕ್ಯುಲರ್ ದೂರದ ವಸ್ತುವನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಕೈಯ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತದೆ. ಬಹಳಷ್ಟು ಜನರ ಕೈಗೆ 10 ಪಟ್ಟು ಕೊನೆಯ ಮಿತಿ. ಅದರಾಚೆಗೆ ಸ್ಟ್ಯಾಂಡ್ ಬೇಕೇ ಬೇಕು. ದೊಡ್ಡ ಅಂಕಿ ಒಳ್ಳೆಯ ನೋಟದ ಗುರುತಲ್ಲ. ಇದೊಂದು ಮನಸ್ಸಿಗೆ ಬಂದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಯಾವುದರಿಂದ ಅಳೆಯಬೇಕು

ಹೆಸರಿನ ಜೊತೆ ಬರುವ ಎರಡು ಅಂಕಿಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. 80 ಮೀಟರ್ ದೂರದ ಹಕ್ಕಿಯನ್ನು 8 ಪಟ್ಟಿನದ್ದರಲ್ಲಿ ನೋಡಿದರೆ 10 ಮೀಟರ್ ಹತ್ತಿರದಿಂದ ಬರಿಗಣ್ಣಲ್ಲಿ ನೋಡಿದ ಹಾಗೆ. 10 ಪಟ್ಟಿನದ್ದರಲ್ಲಿ 8 ಮೀಟರಿನಿಂದ ನೋಡಿದ ಹಾಗೆ. 8ಕ್ಕೂ 10ಕ್ಕೂ ಇರುವ ವ್ಯತ್ಯಾಸ ಇಷ್ಟೇ, ಎರಡು ಮೀಟರ್ ಮುಂದೆ ಸರಿದಷ್ಟು. ಅದು ಕೆಲವರಿಗೆ ಬೆಲೆಬಾಳುವ ಎರಡು ಮೀಟರ್ ಇರಬಹುದು. ಆದರೆ ಅದಕ್ಕೆ ಏನು ಬಿಟ್ಟುಕೊಡುತ್ತೀರಿ ಎಂಬುದು ಗೊತ್ತಿರಬೇಕು.

ಬಿಟ್ಟುಕೊಡುವುದರಲ್ಲಿ ಮೊದಲನೆಯದು ಬೆಳಕು. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. ಬೈನಾಕ್ಯುಲರಿನಿಂದ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅದು, 5.25 ಮಿಲಿಮೀಟರ್. 10×42ರಲ್ಲಿ ಅದು 4.2. ಈಗ ನಮ್ಮ ಕಣ್ಣಿನ ಕಡೆ ನೋಡಿ. ಒಳ್ಳೆಯ ಹಗಲಿನಲ್ಲಿ ಕಣ್ಣಿನ ಪಾಪೆ 2ರಿಂದ 3 ಮಿಲಿಮೀಟರ್ ಮಾತ್ರ ತೆರೆದಿರುತ್ತದೆ. ಕತ್ತಲಲ್ಲಿ ಎಳೆಯರ ಪಾಪೆ ಸುಮಾರು 7 ಮಿಲಿಮೀಟರಿನ ತನಕ ಹಿಗ್ಗುತ್ತದೆ. ವಯಸ್ಸಾದ ಹಾಗೆ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಡು ಮಧ್ಯಾಹ್ನ 8×25ರಂಥ ಪುಟ್ಟದೂ 8×42ರಷ್ಟೇ ಬೆಳಗಿ ಕಾಣಬಹುದು. ಬೆಳಗಿನ ಮಬ್ಬಿನಲ್ಲಿ, ಸಂಜೆಯಲ್ಲಿ, ದಟ್ಟ ಮರಗಳ ನೆರಳಲ್ಲಿ ಮಾತ್ರ ದೊಡ್ಡ ಲೆನ್ಸಿನ ಬೆಲೆ ತಿಳಿಯುತ್ತದೆ. ಹಕ್ಕಿಗಳು ಜಾಸ್ತಿ ಓಡಾಡುವುದು ಅದೇ ಹೊತ್ತಿನಲ್ಲಿ.

ದೊಡ್ಡ ಬಿಲ್ಲೆಯಿಂದ ಇನ್ನೂ ಒಂದು ಸುಖ ಇದೆ. ಕಣ್ಣು ಸ್ವಲ್ಪ ಆಚೀಚೆ ಸರಿದರೂ ಚಿತ್ರ ಕಪ್ಪಾಗುವುದಿಲ್ಲ. ಪುಟ್ಟ ಬಿಲ್ಲೆ ಇದ್ದರೆ ಕಣ್ಣನ್ನು ಸರಿಯಾದ ಜಾಗದಲ್ಲೇ ಇಟ್ಟುಕೊಳ್ಳಬೇಕು. ಐದು ನಿಮಿಷಕ್ಕೆ ಅದು ತೊಂದರೆಯಲ್ಲ, ಎರಡು ಗಂಟೆಗೆ ತೊಂದರೆಯೇ.

ಎರಡನೆಯದು ನೋಟದ ಅಗಲ. ಸಾವಿರ ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲದ ಜಾಗ ಒಮ್ಮೆಗೇ ಕಾಣುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೆಲವರು ಡಿಗ್ರಿಯಲ್ಲಿ ಬರೆಯುತ್ತಾರೆ. ಒಂದು ಡಿಗ್ರಿ ಅಂದರೆ ಸಾವಿರ ಮೀಟರಿನಲ್ಲಿ ಸುಮಾರು 17.5 ಮೀಟರ್. 8 ಪಟ್ಟಿನ ಒಳ್ಳೆಯ ಮಾದರಿಗಳಲ್ಲಿ ಇದು 130 ಮೀಟರಿನ ಆಸುಪಾಸು ಇರುತ್ತದೆ. 10 ಪಟ್ಟಿನವುಗಳಲ್ಲಿ 105ರಿಂದ 115. ಕಾಗದದ ಮೇಲೆ ಸಣ್ಣ ಅಂತರ ಅನ್ನಿಸುತ್ತದೆ. ಆದರೆ ಪೊದೆಯಿಂದ ಪೊದೆಗೆ ಹಾರುವ ಸಣ್ಣ ಹಕ್ಕಿಯ ಬೆನ್ನು ಹತ್ತಿದಾಗ, ಅದು ನೋಟದೊಳಗೆ ಉಳಿಯುತ್ತದೋ ತಪ್ಪಿಸಿಕೊಳ್ಳುತ್ತದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಮೂರನೆಯದು ಕನ್ನಡಕ ಹಾಕುವವರಿಗೆ ಎಲ್ಲಕ್ಕಿಂತ ಮುಖ್ಯ. ಐ ರಿಲೀಫ್ ಎಂಬ ಅಳತೆ ಇದೆ. ಕಣ್ಣು ಲೆನ್ಸಿನಿಂದ ಎಷ್ಟು ದೂರದ ತನಕ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಎಂದು ಅದು ಹೇಳುತ್ತದೆ. ಕನ್ನಡಕ ಇದ್ದರೆ ಕನಿಷ್ಠ 15 ಮಿಲಿಮೀಟರ್ ಬೇಕು. 17, 18 ಇದ್ದರೆ ನೆಮ್ಮದಿ. ಕಡಿಮೆ ಇದ್ದರೆ ಬೀಗದ ಕಿಂಡಿಯಿಂದ ಇಣುಕಿದ ಹಾಗಾಗುತ್ತದೆ. ದೂರದೃಷ್ಟಿ, ಹತ್ತಿರದೃಷ್ಟಿಯ ಸಮಸ್ಯೆ ಮಾತ್ರ ಇರುವವರು ಸಾಮಾನ್ಯವಾಗಿ ಕನ್ನಡಕ ತೆಗೆದು ಫೋಕಸ್ ಗಾಲಿಯಿಂದಲೇ ಸರಿ ಮಾಡಿಕೊಳ್ಳಬಹುದು. ಅಸ್ಟಿಗ್ಮ್ಯಾಟಿಸಂ (ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್) ಜಾಸ್ತಿ ಇರುವವರಿಗೆ ಆ ದಾರಿ ಇಲ್ಲ. ಅವರು ಈ ಅಂಕಿಯನ್ನು ಮೊದಲು ನೋಡಿ, ಬೆಲೆಯನ್ನು ಆಮೇಲೆ ನೋಡಬೇಕು.

ತೂಕದ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ. ಭಾರ ಅನ್ನಿಸುವ ಬೈನಾಕ್ಯುಲರ್ ಮನೆಯಲ್ಲೇ ಉಳಿಯುತ್ತದೆ.

ಗಾಜಿನ ವಿಷಯ

ಅಂಕಿಗಳು ಒಂದೇ ಇದ್ದರೂ ಎರಡು ಬೈನಾಕ್ಯುಲರ್‌ಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರ ಇರಬಹುದು. ಆ ಅಂತರದ ದೊಡ್ಡ ಪಾಲು ಇರುವುದು ಒಳಗಿನ ಗಾಜಿನಲ್ಲಿ, ಅದರ ಲೇಪನದಲ್ಲಿ. ಲೇಪನ ಇಲ್ಲದ ಗಾಜಿನ ಪ್ರತಿ ಮೈಯಲ್ಲೂ ಸುಮಾರು ಶೇಕಡ 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ಒಂದು ಬೈನಾಕ್ಯುಲರಿನಲ್ಲಿ ಬೆಳಕು ಇಂಥ ಹತ್ತು ಮೈಗಳನ್ನು ದಾಟಿತು ಅಂದುಕೊಳ್ಳಿ. ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಮಾತ್ರ. ಕಳೆದುಹೋದ ಬೆಳಕು ಸುಮ್ನೆ ಹೋಗುವುದಿಲ್ಲ, ಒಳಗೇ ಚದುರಿ ಚಿತ್ರವನ್ನು ಮಂಕು ಮಾಡುತ್ತದೆ. ಅದಕ್ಕೇ ವಿವರಪಟ್ಟಿಯಲ್ಲಿ "ಫುಲ್ಲಿ ಮಲ್ಟಿ ಕೋಟೆಡ್" ಎಂಬ ಮಾತು ಹುಡುಕಿ. ಎಲ್ಲ ಮೈಗಳಿಗೂ ಹಲವು ಪದರದ ಲೇಪನ ಇದೆ ಎಂದು ಅದರ ಅರ್ಥ. ಬರೀ "ಕೋಟೆಡ್" ಅಂತ ಇದ್ದರೆ ಎಲ್ಲೋ ಒಂದೆರಡು ಕಡೆ ಮಾತ್ರ ಲೇಪನ ಇರಬಹುದು.

ಇನ್ನು ಪ್ರಿಸಂ. ಬೈನಾಕ್ಯುಲರಿನಲ್ಲಿ ತಲೆಕೆಳಗಾಗುವ ಚಿತ್ರವನ್ನು ನೆಟ್ಟಗೆ ಮಾಡುವುದು ಇದೇ. ಎರಡು ಬಗೆ ಇವೆ. ಪೊರೊ ಪ್ರಿಸಂ ಇರುವುದರಲ್ಲಿ ಮುಂದಿನ ಲೆನ್ಸ್‌ಗಳು ಕಣ್ಣಿನ ಕಡೆಯವುಗಳಿಗಿಂತ ಅಗಲವಾಗಿ ನಿಂತಿರುತ್ತವೆ. ಚಿತ್ರಗಳಲ್ಲಿ ನೋಡುವ ಹಳೆಯ ಕಾಲದ ದುರ್ಬೀನಿನ ಆಕಾರ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. 1894ರಲ್ಲಿ ಜರ್ಮನಿಯ ಜೈಸ್ ಕಂಪನಿ ಇಂಥ ಬೈನಾಕ್ಯುಲರ್‌ಗಳನ್ನು ಮಾರುಕಟ್ಟೆಗೆ ತಂದಿತು. ರೂಫ್ ಪ್ರಿಸಂನದ್ದು ನೆಟ್ಟಗಿನ ಎರಡು ಕೊಳವೆಗಳ ಹಾಗೆ ಕಾಣುತ್ತದೆ. ಸಪೂರ, ಕೈಗೆ ಚೆನ್ನಾಗಿ ಕೂರುತ್ತದೆ, ನೀರು ಹೋಗದ ಹಾಗೆ ಮುಚ್ಚುವುದೂ ಸುಲಭ. ಆದರೆ ರೂಫ್ ಪ್ರಿಸಂ ತಯಾರಿಸಲು ಬಹಳ ನಿಖರತೆ ಬೇಕು. ಜೊತೆಗೆ ಫೇಸ್ (phase) ಕೋಟಿಂಗ್ ಎಂಬ ಇನ್ನೊಂದು ಲೇಪನವೂ ಬೇಕು. ಅದಿಲ್ಲದಿದ್ದರೆ ಚಿತ್ರದ ಚೂಪು ಕಡಿಮೆಯಾಗುತ್ತದೆ.

ಅಂದರೆ ಕೈಯಲ್ಲಿರುವ ದುಡ್ಡು ಕಡಿಮೆ ಇದ್ದಷ್ಟೂ ಪೊರೊ ಒಳ್ಳೆಯ ಆಯ್ಕೆ. ಅದೇ ಬೆಲೆಯ ರೂಫ್‌ಗಿಂತ ಚಿತ್ರ ಚೂಪಾಗಿ ಬರುತ್ತದೆ. ಲೆನ್ಸ್‌ಗಳು ಅಗಲ ನಿಂತಿರುವುದರಿಂದ ಹತ್ತಿರದ್ದು, ದೂರದ್ದು ಎಂಬ ಆಳವೂ ಚೆನ್ನಾಗಿ ಕಾಣುತ್ತದೆ. ದಪ್ಪಗಿರುತ್ತದೆ, ಮಳೆಗೆ ಅಷ್ಟಾಗಿ ತಾಳುವುದಿಲ್ಲ, ಅಷ್ಟೇ. ಹೊಸಬರು ಅದನ್ನು ಹಳೆಯ ಮಾದರಿ ಅಂತ ಪಕ್ಕಕ್ಕೆ ಸರಿಸುವುದು ನೋಡಿದಾಗ ನನಗೆ ಬೇಜಾರಾಗುತ್ತದೆ.

ಒಂದೊಂದನ್ನೇ ತೂಗಿದರೆ

8×25, 10×25 ಜೇಬಿನ ಬೈನಾಕ್ಯುಲರ್‌ಗಳು. ಸುಮಾರು 300 ಗ್ರಾಂ ತೂಕ. ಮಡಚಿ ಚೀಲದ ಮೂಲೆಗೆ ಸೇರಿಸಬಹುದು. ಪ್ರವಾಸಕ್ಕೆ, ಆಟದ ಮೈದಾನಕ್ಕೆ, ಹಗಲಿನ ನಡಿಗೆಗೆ ಇದು ಸಾಕು. ಎರಡು ಕಡೆ ಮಡಚುವ ಮಾದರಿಗಳು ಕಣ್ಣುಗಳ ನಡುವಿನ ಅಂತರ ಕಡಿಮೆ ಇರುವ ಮಕ್ಕಳಿಗೂ ಹೊಂದುತ್ತವೆ. ಎರಡರಲ್ಲಿ 8×25 ಆರಿಸಿ. 10×25ರ ಬೆಳಕಿನ ಬಿಲ್ಲೆ ಬರೀ 2.5 ಮಿಲಿಮೀಟರ್, ಮೋಡ ಕವಿದರೂ ಸೊರಗುತ್ತದೆ. ಆದರೆ ಹಕ್ಕಿ ನೋಡುವುದು ನಿಜವಾದ ಹವ್ಯಾಸ ಆಗುತ್ತದೆ ಅನ್ನಿಸಿದರೆ ಇದನ್ನು ಒಂದೇ ಬೈನಾಕ್ಯುಲರ್ ಆಗಿ ಕೊಳ್ಳಬೇಡಿ. ಹೊತ್ತು ಮೂಡುವ ಮುಂಚೆ ಹೊರಟ ದಿನ ಅದು ಕೈಕೊಡುತ್ತದೆ.

8×32 ನನಗೆ ತುಂಬ ಇಷ್ಟದ ಅಳತೆ. ಸಾಮಾನ್ಯವಾಗಿ 450ರಿಂದ 600 ಗ್ರಾಂ. ಬೆಳಕಿನ ಬಿಲ್ಲೆ 4 ಮಿಲಿಮೀಟರ್. ನೋಟದ ಅಗಲ ಎಷ್ಟೋ ಸಲ 8×42ಕ್ಕಿಂತಲೂ ಜಾಸ್ತಿ. ಇಡೀ ದಿನ ಕುತ್ತಿಗೆಯಲ್ಲಿದ್ದರೂ ನೋವಿಲ್ಲ. ಬಹಳ ನಡೆಯುವವರಿಗೆ, ಕ್ಯಾಮೆರಾ ಕೂಡ ಹೊರುವವರಿಗೆ, ಸಣ್ಣ ಕೈಯವರಿಗೆ ಇದನ್ನೇ ಹೇಳುತ್ತೇನೆ. ಬಿಟ್ಟುಕೊಡುವುದು ಮುಸ್ಸಂಜೆಯ ಕೊನೆಯ ಇಪ್ಪತ್ತು ನಿಮಿಷ. ಲೆಕ್ಕ ಹಾಕಿದರೆ 42ರ ಲೆನ್ಸ್ 32ರದಕ್ಕಿಂತ ಸುಮಾರು 1.7 ಪಟ್ಟು ಬೆಳಕು ಹಿಡಿಯುತ್ತದೆ. ಕಾಡಿನ ಒಳಗೆ ಆ ಅಂತರ ಗೊತ್ತಾಗುತ್ತದೆ, ಬಯಲಿನಲ್ಲಿ ಗೊತ್ತಾಗುವುದು ಕಡಿಮೆ. ಕನ್ನಡಕದವರು ಒಂದು ಎಚ್ಚರ ವಹಿಸಿ. ಈ ಅಳತೆಯ ಹಲವು ಮಾದರಿಗಳಲ್ಲಿ ಐ ರಿಲೀಫ್ ಕಡಿಮೆ ಇರುತ್ತದೆ.

8×42 ಎಲ್ಲಕ್ಕೂ ಸಲ್ಲುವಂಥದ್ದು. ಬೆಳಗಿನ ಮಬ್ಬಿಗೂ ಸೈ, ನೆರಳಿಗೂ ಸೈ, ರಾತ್ರಿ ಹೊರಗೆ ನಿಂತು ಕೃತ್ತಿಕೆಯ ಗುಂಪು ನೋಡಲಿಕ್ಕೂ ಸೈ. ಕೈ ಸ್ವಲ್ಪ ನಡುಗಿದರೂ ಚಿತ್ರ ನಿಲ್ಲುತ್ತದೆ. ಕನ್ನಡಕಕ್ಕೆ ಹೊಂದುವ ಮಾದರಿಗಳೂ ಇದರಲ್ಲೇ ಜಾಸ್ತಿ. ತೂಕ 600ರಿಂದ 800 ಗ್ರಾಂ. ಮೂರನೇ ಗಂಟೆಗೆ ಕುತ್ತಿಗೆ ಅದನ್ನು ನೆನಪಿಸುತ್ತದೆ. ಹೆಗಲ ಮೇಲೆ ಭಾರ ಹಂಚುವ ಪಟ್ಟಿ ಹಾಕಿಕೊಂಡರೆ ಅರ್ಧ ಕಷ್ಟ ಕಳೆಯಿತು. ಏನೇನು ನೋಡುತ್ತೇನೆ ಎಂದು ಇನ್ನೂ ಗೊತ್ತಿಲ್ಲದವರಿಗೆ, ಮನೆಮಂದಿಯೆಲ್ಲ ಒಂದನ್ನೇ ಬಳಸುವವರಿಗೆ ಇದು.

10×42 ಬೇಕಾಗುವುದು ದೂರ ಜಾಸ್ತಿ ಇರುವ ಕಡೆ. ದೊಡ್ಡ ಕೆರೆಯ ನಡುವಿನ ಬಾತುಗಳು, ಕಡಲ ತೀರ, ಬಯಲು, ಬೆಟ್ಟದ ತುದಿಯಲ್ಲಿ ಸುತ್ತುವ ಹದ್ದು. ಇಂಥ ಕಡೆ ಹಕ್ಕಿ ನಿಧಾನಕ್ಕೆ ಚಲಿಸುತ್ತದೆ ಅಥವಾ ಕೂತೇ ಇರುತ್ತದೆ, ಬೆಳಕೂ ಧಾರಾಳ. ನೋಟ ಕಿರಿದಾದರೂ ನಷ್ಟವಿಲ್ಲ. ಗರಿಯ ಅಂಚಿನ ಗೆರೆ, ಕಾಲಿನ ಬಣ್ಣ ಇವು ಎದ್ದು ಕಾಣುತ್ತವೆ. ಆದರೆ ಕೈ ಗಟ್ಟಿ ಇರಬೇಕು. ಅಂಗಡಿಯಲ್ಲಿ ಹಿಡಿದು ದೂರದ ಫಲಕದ ಸಣ್ಣ ಅಕ್ಷರ ಓದಿ ನೋಡಿ. 8ರಲ್ಲಿ ಓದಲಾಗದ ಅಕ್ಷರ 10ರಲ್ಲಿ ಓದಲಾಯಿತೇ? ಹಾಗಾದರೆ 10 ನಿಮಗೆ ಸೇರಿದ್ದು. ದೊಡ್ಡದಾಗಿ ಕಂಡರೂ ಅದೇ ಅಕ್ಷರದ ಹತ್ತಿರ ಎಡವಿದಿರಿ ಅಂದರೆ ಆ ಎರಡು ಹೆಚ್ಚಿನ ಪಟ್ಟುಗಳನ್ನು ಕೈ ನಡುಕವೇ ತಿಂದುಹಾಕುತ್ತಿದೆ. ಮೊದಲ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಈ ಪರೀಕ್ಷೆಯೇ. ನೀವು ಹೆಚ್ಚಾಗಿ ಹೋಗುವುದು ಮರಗಳ ನಡುವೆಯೋ ನೀರಿನ ದಡಕ್ಕೋ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಿ.

ಆಕಾಶ ನೋಡುವುದೇ ಮುಖ್ಯ ಅನ್ನುವವರಿಗೆ 10×50 ಪೊರೊ. ಬೆಳಕಿನ ಬಿಲ್ಲೆ 5 ಮಿಲಿಮೀಟರ್. ಒಂದು ಕಿಲೋ ಹತ್ತಿರ ತೂಗಬಹುದು, ಆದರೆ ಕುರ್ಚಿಗೆ ಒರಗಿ ಮೊಣಕೈ ಊರಿದರೆ ನಡೆಯುತ್ತದೆ. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡ ಗುರುಗ್ರಹದ ನಾಲ್ಕು ಚಂದ್ರರು ಇದರಲ್ಲಿ ಸಾಲಾಗಿ ಚುಕ್ಕೆಗಳಂತೆ ಕಾಣುತ್ತವೆ. ಕತ್ತಲು ಚೆನ್ನಾಗಿದ್ದರೆ ಆಂಡ್ರೊಮಿಡ ಗ್ಯಾಲಕ್ಸಿ ಮಂಕು ಬೆಳಕಿನ ಉದ್ದ ಕಲೆಯಾಗಿ ಸಿಗುತ್ತದೆ. ಶನಿಯ ಉಂಗುರ ಬಿಡಿಸಿ ಕಾಣಬೇಕು ಅಂತ ಆಸೆ ಇದ್ದರೆ ಮಾತ್ರ ಇದು ಸಾಲದು, ಅದಕ್ಕೆ ಟೆಲಿಸ್ಕೋಪೇ ಬೇಕು. 15×70ರಂಥ ದೊಡ್ಡವು ಇನ್ನೂ ಆಳ ತೋರಿಸುತ್ತವೆ. ಆದರೆ ಸ್ಟ್ಯಾಂಡ್ ಕೊಳ್ಳುವ ದುಡ್ಡೂ ಲೆಕ್ಕದಲ್ಲಿರಲಿ. 7×50 ಎಂಬುದು ಹಡಗಿನವರ ಅಳತೆ. ತೂಗಾಡುವ ದೋಣಿಯಲ್ಲೂ ಚಿತ್ರ ನಿಲ್ಲುತ್ತದೆ. ಆದರೆ ಅದರ ಬಿಲ್ಲೆ 7 ಮಿಲಿಮೀಟರಿಗಿಂತ ಜಾಸ್ತಿ. ನಡುವಯಸ್ಸು ದಾಟಿದ ಕಣ್ಣು ಅಷ್ಟು ಹಿಗ್ಗದ ಕಾರಣ ಸ್ವಲ್ಪ ಬೆಳಕು ವ್ಯರ್ಥವಾಗುತ್ತದೆ.

ನಡುಕ ತಡೆಯುವ ಬೈನಾಕ್ಯುಲರ್‌ಗಳೂ ಇವೆ. ಗುಂಡಿ ಒತ್ತಿದರೆ ಚಿತ್ರ ಗಕ್ಕನೆ ನಿಲ್ಲುತ್ತದೆ. 12, 14 ಪಟ್ಟಿನಲ್ಲೂ ಕೈಯಲ್ಲೇ ಹಿಡಿದು ನೋಡಬಹುದು. ಬ್ಯಾಟರಿ ಬೇಕು, ಬೆಲೆ ಜಾಸ್ತಿ, ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ರಿಪೇರಿ ಕಷ್ಟ. ಆದರೂ ವಯಸ್ಸಿನಿಂದಲೋ ಕಾಯಿಲೆಯಿಂದಲೋ ಕೈ ನಡುಗುವವರು ಹವ್ಯಾಸ ಬಿಡಬೇಕಾಯಿತು ಅಂತ ಕೊರಗುತ್ತಿದ್ದರೆ ಅವರಿಗೆ ಇದು ವರ.

ದುಡ್ಡು ಎಷ್ಟು ಹಾಕಬೇಕು

ಕಡಿಮೆ ದುಡ್ಡಿದ್ದರೆ 8×40 ಅಥವಾ 8×42 ಪೊರೊ ತೆಗೆದುಕೊಳ್ಳಿ. ಪೂರ್ತಿ ಲೇಪನ ಇರಲಿ. ಪ್ರಿಸಂ ಬಿಎಕೆ4 ಗಾಜಿನದ್ದಾದರೆ ಇನ್ನೂ ಒಳ್ಳೆಯದು, ಬಿಕೆ7 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮಧ್ಯಮ ಬಜೆಟ್ಟಿನಲ್ಲಿ ರೂಫ್‌ಗೆ ಹೋಗಬಹುದು. ಆಗ ಫೇಸ್ ಕೋಟಿಂಗ್ ಇರಬೇಕು, ಒಳಗೆ ಸಾರಜನಕ ತುಂಬಿ ಮುಚ್ಚಿರಬೇಕು. ಸಾರಜನಕ ಇದ್ದರೆ ಚಳಿಯಿಂದ ಬಿಸಿಗೆ ಬಂದಾಗ ಒಳಗಡೆ ಮಂಜು ಕಟ್ಟುವುದಿಲ್ಲ. ಕೆಳಗಿನ ಹಂತದಿಂದ ಈ ಹಂತಕ್ಕೆ ಬಂದಾಗ ನೋಟದಲ್ಲಿ ಆಗುವ ಬದಲಾವಣೆ ದೊಡ್ಡದು, ಯಾರ ಕಣ್ಣಿಗಾದರೂ ತಿಳಿಯುತ್ತದೆ. ಬಣ್ಣಗಳು ಚದುರುವುದನ್ನು ತಗ್ಗಿಸುವ ಇಡಿ (ED) ಎಂಬ ವಿಶೇಷ ಗಾಜು ಇದ್ದರೆ ಬಿಳಿ ಆಕಾಶದ ಎದುರು ಕೂತ ಕಪ್ಪು ಹಕ್ಕಿಯ ಅಂಚಿನಲ್ಲಿ ಕಾಣುವ ನೇರಳೆ ಗೆರೆಯೂ ಕಡಿಮೆಯಾಗುತ್ತದೆ. ಇದರ ಮೇಲಿನ ಹಂತದಲ್ಲಿ ಸುಧಾರಣೆ ಇದೆ, ಆದರೆ ಬೆಲೆ ಏರಿದಷ್ಟು ಅದು ಏರುವುದಿಲ್ಲ. ವಾರಕ್ಕೆ ನಾಲ್ಕು ದಿನ ಹೊರಗೆ ಹೋಗುವವರಿಗೆ ಆ ಖರ್ಚು ಸಾರ್ಥಕ. ತಿಂಗಳಿಗೊಮ್ಮೆ ಹೋಗುವವರು ಮಧ್ಯಮದ್ದು ಕೊಂಡು ಉಳಿದ ದುಡ್ಡನ್ನು ಓಡಾಟಕ್ಕೆ ಇಟ್ಟುಕೊಂಡರೆ ಜಾಸ್ತಿ ಹಕ್ಕಿ ನೋಡುತ್ತಾರೆ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆ ನೋಡುವವರು ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂದೂ ನೋಡಬೇಕು. 2 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಪೊರೊಗಳು ಇಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುತ್ತವೆ.

ಕೆಲವನ್ನು ಯಾವ ಬೆಲೆಗೆ ಕೊಟ್ಟರೂ ಬೇಡ ಅನ್ನುತ್ತೇನೆ. 10ರಿಂದ 30 ಪಟ್ಟಿನ ತನಕ ಜೂಮ್ ಆಗುವವು, ಕಡಿಮೆ ಬೆಲೆಯವಂತೂ ಬೇಡವೇ ಬೇಡ: ನೋಟ ಕಿರಿದು, ಬೆಳಕು ಕಡಿಮೆ, ಎರಡು ಕೊಳವೆಗಳು ಒಂದಕ್ಕೊಂದು ಹೊಂದುವುದೂ ಅಪರೂಪ. ಫೋಕಸ್ ಗಾಲಿಯೇ ಇಲ್ಲದವು. ಮುಂದಿನ ಲೆನ್ಸ್ ಕನ್ನಡಿಯಂತೆ ಕೆಂಪಗೆ ಹೊಳೆಯುವವು: ಆ ಲೇಪನ ಕೆಂಪು ಬೆಳಕನ್ನು ವಾಪಸ್ ಕಳಿಸುವುದರಿಂದ ನಮಗೆ ಹಸಿರು ಛಾಯೆಯ ಚಿತ್ರ ಸಿಗುತ್ತದೆ. ಅಂಗೈಯಷ್ಟೇ ಇರುವುದರ ಮೇಲೆ 100 ಪಟ್ಟು ಅಂತ ಬರೆದಿದ್ದರೆ ಪಕ್ಕಕ್ಕಿಡಿ.

ಕೈಗೆ ತೆಗೆದುಕೊಂಡು ನೋಡುವಾಗ

ಮೊದಲು ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿ, ಇಲ್ಲದಿದ್ದರೆ ಒಳ್ಳೆಯದನ್ನೂ ಕೆಟ್ಟದ್ದು ಅಂದುಕೊಳ್ಳುತ್ತೀರಿ. ಎರಡು ವೃತ್ತ ಒಂದಾಗುವ ತನಕ ಮಡಚಿ. ಬಲಗಡೆಯ ಲೆನ್ಸ್ ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಚೂಪು ಮಾಡಿ. ಆಮೇಲೆ ಎಡಗಡೆಯದು ಮುಚ್ಚಿ, ಡಯಾಪ್ಟರ್ ಉಂಗುರ ತಿರುಗಿಸಿ ಬಲಗಣ್ಣಿಗೆ ಚೂಪು ಮಾಡಿ. ಡಯಾಪ್ಟರ್ ಸಾಮಾನ್ಯವಾಗಿ ಬಲಗಡೆಯೇ ಇರುತ್ತದೆ. ಮುಂದೆ ಗಾಲಿಯೊಂದೇ ಸಾಕು. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ.

ತೋಳು ಚಾಚಿ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, ಕಣ್ಣಿನ ಕಡೆಯ ಲೆನ್ಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಪೂರ್ತಿ ದುಂಡಗಿದ್ದರೆ ಸರಿ. ಅಂಚು ಚೌಕಾಕಾರದಲ್ಲಿ ಮಬ್ಬಾಗಿದ್ದರೆ ಪ್ರಿಸಂ ಅಗ್ಗದ್ದು.

ಕೊನೆಯದು, ನಾನು ಎಂದೂ ಬಿಡದ ಪರೀಕ್ಷೆ. ದೂರದ ಒಂದು ಅಡ್ಡ ಗೆರೆ ಆರಿಸಿಕೊಳ್ಳಿ, ಮನೆಯ ಸೂರಿನ ಅಂಚೋ ವಿದ್ಯುತ್ ತಂತಿಯೋ ಆದೀತು. ಅದನ್ನು ನೋಡುತ್ತಲೇ ಬೈನಾಕ್ಯುಲರನ್ನು ನಿಧಾನಕ್ಕೆ ಕಣ್ಣಿನಿಂದ ದೂರಕ್ಕೆ ಸರಿಸಿ. ಎರಡು ವೃತ್ತ ಬೇರೆಯಾಗುತ್ತವೆ. ಗೆರೆ ಎರಡರಲ್ಲೂ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಕೊಳವೆಗಳು ಸಾಲು ತಪ್ಪಿವೆ. ಕಣ್ಣು ಹೇಗೋ ಹೊಂದಿಸಿಕೊಂಡು ಚಿತ್ರ ಒಂದು ಮಾಡುತ್ತದೆ, ಆದರೆ ಅರ್ಧ ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. ಮಾದರಿ ಎಷ್ಟೇ ಒಳ್ಳೆಯದಿರಲಿ, ಆ ಪೀಸ್ ಬೇಡ. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ತೆಗೆಸಿ, ಅದೇ ಗೆರೆಯ ಮೇಲೆ ಮತ್ತೆ ಹಿಡಿದು ನೋಡಿ.